ಲೂಯಿಸ್ ಕ್ಯಾರಲ್: 1865ರ ಮೊದಲ ಮುದ್ರಣ ಏನಾಯಿತು, ದುಡ್ಡು ಯಾರದು, ಡೈರಿಯ ಹಾಳೆ ಹೋದದ್ದೆಲ್ಲಿ?

ಹಾಳೆಹುಳು (ಪ್ರಶ್ನೆ):

ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಲೂಯಿಸ್ ಕ್ಯಾರಲ್ ಬದುಕಿನ ಬಗ್ಗೆ ಲೇಖನ ಸಿದ್ಧವಾಗುತ್ತಿದೆ. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಓದಿದವರಿಗೆ ಕಥೆ ಗೊತ್ತು, ಮೂಲ ಕಥೆ ಕಟ್ಟಿದವನ ಬಗ್ಗೆ ಗೊತ್ತಿರುವುದು ಕಡಿಮೆ.

ಚೌಕಟ್ಟು ಸಿಕ್ಕಿದೆ. ನಿಜ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಸನ್. 1832ರ ಜನವರಿ 27ರಂದು ಚೆಷೈರ್‌ನ ಡೇರ್ಸ್‌ಬರಿಯಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ್ದು. ಹನ್ನೊಂದು ಮಕ್ಕಳಲ್ಲಿ ಮೂರನೆಯವನು, ಗಂಡುಮಕ್ಕಳಲ್ಲಿ ಹಿರಿಯ. ರಗ್ಬಿ ಶಾಲೆ, ಆಮೇಲೆ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್, ಅಲ್ಲೇ ಗಣಿತದ ಉಪನ್ಯಾಸಕ. 1862ರ ಜುಲೈ 4ರಂದು ದೋಣಿಯಲ್ಲಿ ಹೇಳಿದ ಕಥೆಯೇ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಪುಸ್ತಕವಾಯಿತು. 1898ರ ಜನವರಿ 14ರಂದು ಗಿಲ್ಡ್‌ಫರ್ಡ್‌ನಲ್ಲಿ ತೀರಿಕೊಂಡ. ಇಷ್ಟರಲ್ಲಿ ತಕರಾರಿಲ್ಲ. ಗೊಂದಲ ಇರುವುದು ಇಲ್ಲಿ:

1. ಮೊದಲ ಮುದ್ರಣವನ್ನು ಸುಟ್ಟರು ಅಂತ ಒಂದು ಕಡೆ, ಅಮೆರಿಕಕ್ಕೆ ಮಾರಿದರು ಅಂತ ಇನ್ನೊಂದು ಕಡೆ. ಯಾವುದು ಸರಿ? ಚಿತ್ರಗಳಲ್ಲಿ ನಿಜವಾಗಿ ಏನು ಕೆಟ್ಟಿತ್ತು?
2. ಹಣ ಹಾಕಿದ್ದು ಪ್ರಕಾಶಕರೋ ಲೇಖಕನೋ?
3. ಫೋಟೋಗ್ರಫಿ ಬರೀ ಹವ್ಯಾಸವೇ? 24 ವರ್ಷ ಮಾಡಿ 1880ರಲ್ಲಿ ಏಕಾಏಕಿ ಬಿಟ್ಟದ್ದು ಯಾಕೆ?
4. ಡೈರಿಯ ಹಾಳೆ ಹರಿದವರು ಯಾರು? ವಿಕ್ಟೋರಿಯಾ ರಾಣಿಗೆ ಗಣಿತದ ಪುಸ್ತಕ ಕಳಿಸಿದ ಕಥೆಯನ್ನು ಮಕ್ಕಳಿಗೆ ಹೇಳಬಹುದೇ?

ದಿನಾಂಕ, ಅಂಕಿ ಸಮೇತ ಉತ್ತರ ಸಿಕ್ಕರೆ ಉಪಕಾರ.

ಮೊಳೆಜೋಡಣೆ:

ಸುಟ್ಟರು ಅನ್ನುವುದು ಶುದ್ಧ ಸುಳ್ಳು. ರದ್ದಿಗೆ ಹಾಕುವುದು ಅಂತ ತೀರ್ಮಾನವಾಗಿದ್ದದ್ದು ನಿಜ, ಆದರೆ ರದ್ದಿಗೂ ಹೋಗಲಿಲ್ಲ.

ಮೊದಲು ಚಿತ್ರ ಹೇಗೆ ತಯಾರಾಗುತ್ತಿತ್ತು ಅನ್ನುವುದನ್ನು ನೋಡಿ, ಇಲ್ಲದಿದ್ದರೆ ಜಗಳ ಅರ್ಥವಾಗುವುದಿಲ್ಲ. ಜಾನ್ ಟೆನಿಯಲ್ ಆಗ ‘ಪಂಚ್’ ವಾರಪತ್ರಿಕೆಯ ಹೆಸರಾಂತ ವ್ಯಂಗ್ಯಚಿತ್ರಕಾರ. 1864ರ ಏಪ್ರಿಲ್‌ನಲ್ಲಿ ಕೆಲಸ ಒಪ್ಪಿಕೊಂಡ. ಒಟ್ಟು 42 ಚಿತ್ರ. ಚಿತ್ರ ಕೊನೆಗೆ ಕೂರುವುದು ಬಾಕ್ಸ್‌ವುಡ್ ಮರದ ತುಂಡಿನ ಮೇಲೆ. ಆ ತುಂಡನ್ನು ಹಲಗೆಯಂತೆ ಉದ್ದಕ್ಕೆ ಸೀಳಿರುವುದಿಲ್ಲ, ಕಾಂಡಕ್ಕೆ ಅಡ್ಡಲಾಗಿ ಕೊಯ್ದಿರುತ್ತಾರೆ. ಹಾಗೆ ಕೊಯ್ದರೆ ನಾರು ನೆಟ್ಟಗೆ ಮೇಲ್ಮುಖವಾಗಿರುತ್ತದೆ, ಉಳಿ ಯಾವ ದಿಕ್ಕಿಗೆ ತಿರುಗಿದರೂ ಸಿಪ್ಪೆ ಏಳುವುದಿಲ್ಲ; ಕೂದಲೆಳೆಯಂಥ ಗೆರೆಯೂ ನಿಲ್ಲುತ್ತದೆ. ಮೇಲ್ಮೈಗೆ ತೆಳುವಾಗಿ ಬಿಳಿ ಬಣ್ಣ ಸವರಿ, ಪೆನ್ಸಿಲ್‌ನಲ್ಲಿ ಎಡಬಲ ತಿರುಗಿಸಿ ಚಿತ್ರ ಮೂಡಿಸುತ್ತಾರೆ. ಅದನ್ನು ಡಾಲ್ಝೀಲ್ ಸೋದರರ ಕಾರ್ಖಾನೆಯವರು ಕೆತ್ತಿದರು. ಕಪ್ಪು ಗೆರೆ ಉಳಿಯಬೇಕಾದಲ್ಲಿ ಮರ ಉಳಿಸಿ, ಬಿಳಿ ಇರಬೇಕಾದ ಕಡೆಯೆಲ್ಲ ತೆಗೆಯುವುದು. ಅಡ್ಡಗೆರೆಯ ಜಾಲರಿಯಿಂದ ನೆರಳು ಮಾಡಿದ ಜಾಗದಲ್ಲಿ ಗೆರೆಗಳ ನಡುವಿನ ಪುಟಾಣಿ ಚೌಕಗಳನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ಟೆನಿಯಲ್‌ಗೆ ಒಂದು ಚಿಟಿಕೆ ಹೊತ್ತಿನ ಗೀಚು, ಕೆತ್ತುವವನಿಗೆ ಗಂಟೆಗಟ್ಟಲೆ ಕೆಲಸ. ಕೆತ್ತನೆಗೆ 142 ಪೌಂಡ್, ಟೆನಿಯಲ್‌ಗೆ 138 ಪೌಂಡ್ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಮೂಲ ಬ್ಲಾಕ್‌ನಿಂದ ನೇರವಾಗಿ ಸಾವಿರಾರು ಪ್ರತಿ ತೆಗೆದರೆ ಮರ ಸವೆಯುತ್ತದೆ, ಸೀಳುತ್ತದೆ. ಅದಕ್ಕೆ ಮೇಣದಲ್ಲಿ ಅಚ್ಚು ತೆಗೆದು, ವಿದ್ಯುತ್ತಿನಿಂದ ತಾಮ್ರ ಕೂರಿಸಿ, ಹಿಂದೆ ಸೀಸ ತುಂಬಿದ ಎಲೆಕ್ಟ್ರೋಟೈಪ್ ಮಾಡಿ ಅದನ್ನು ಯಂತ್ರಕ್ಕೆ ಕೊಡುತ್ತಿದ್ದರು. ಮರದ ಬ್ಲಾಕ್‌ಗಳು ಹಾಗೇ ಉಳಿದವು. 1985ರಲ್ಲಿ ಲಂಡನ್ನಿನ ಬ್ಯಾಂಕೊಂದರ ಭದ್ರಕೋಠಿಯಲ್ಲಿ ಸಿಕ್ಕಿ, ಈಗ ಬ್ರಿಟಿಷ್ ಲೈಬ್ರರಿಯ ವಶದಲ್ಲಿವೆ.

ಈಗ ಕೆಟ್ಟದ್ದೇನು ಅನ್ನುವ ವಿಷಯ. ಅಚ್ಚಿನ ಮೊಳೆ ಮತ್ತು ಚಿತ್ರದ ಬ್ಲಾಕ್ ಒಂದೇ ಚೌಕಟ್ಟಿನಲ್ಲಿ ಕೂತು, ಒಂದೇ ರೋಲರ್‌ನ ಮಸಿ ಹಿಡಿದು, ಒಂದೇ ಒತ್ತಡದಲ್ಲಿ ಅಚ್ಚಾಗುತ್ತವೆ. ಆದರೆ ಎರಡಕ್ಕೂ ಬೇಕಾದ ಒತ್ತಡ ಬೇರೆ. ಚಿತ್ರದ ದಟ್ಟ ಕಪ್ಪಿಗೆ ಹೆಚ್ಚು ಒತ್ತು ಬೇಕು, ಅಂಚಿನ ಸಣ್ಣ ಗೆರೆಗೆ ಕಡಿಮೆ. ಇದನ್ನು ಸರಿದೂಗಿಸುವ ಕೆಲಸಕ್ಕೆ ಮುದ್ರಣಾಲಯದಲ್ಲಿ ಮೇಕ್‌ರೆಡಿ ಅನ್ನುತ್ತಾರೆ. ತೆಳು ಕಾಗದವನ್ನು ಚಿತ್ರದ ಕಪ್ಪು ಭಾಗದ ಆಕಾರಕ್ಕೆ ಕತ್ತರಿಸಿ, ಒತ್ತುವ ಕಡೆ ಅದೇ ಜಾಗಕ್ಕೆ ಪದರ ಪದರವಾಗಿ ಅಂಟಿಸುವುದು. ನವಿರು ಗೆರೆಯ ಜಾಗದಲ್ಲಿ ಕಾಗದ ಕಿತ್ತು ತಗ್ಗಿಸುವುದು. ಇದನ್ನು ಅರೆಬರೆ ಮಾಡಿದರೆ ಚಿತ್ರ ಒಂದೋ ಬೂದಿ ಬಳಿದಂತೆ ಸಪ್ಪಗಾಗುತ್ತದೆ, ಇಲ್ಲವೇ ಜಾಲರಿಯ ಕಿಂಡಿಯಲ್ಲಿ ಮಸಿ ತುಂಬಿ ಮೆತ್ತಿಕೊಳ್ಳುತ್ತದೆ. ಅದನ್ನು ಮುಚ್ಚಲು ಇಡೀ ಚೌಕಟ್ಟಿಗೇ ಮಸಿ ಮತ್ತು ಒತ್ತಡ ಹೆಚ್ಚಿಸಿದರೆ ಅಕ್ಷರ ಕಾಗದಕ್ಕೆ ಕಚ್ಚಿಕೊಂಡು ಹಿಂದಿನ ಪುಟಕ್ಕೆ ಇಣುಕುತ್ತದೆ. ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಪ್ರೆಸ್ ಅಚ್ಚು ಹಾಕಿದ 2000 ಪ್ರತಿಗಳ ಹಾಳೆಯಲ್ಲಿ ತಜ್ಞರು ಗುರುತಿಸಿರುವುದು ಇವನ್ನೇ: ಒಂದೇ ಸಮ ಇಲ್ಲದ ಮಸಿ, ಆಚೆ ಬದಿಯ ಅಕ್ಷರ ಚಿತ್ರದ ಬಿಳಿ ಜಾಗದಲ್ಲಿ ಕಾಣುವುದು.

ಸಾಮಾನ್ಯ ಓದುಗ ಇದನ್ನು ಗಮನಿಸುತ್ತಿರಲಿಲ್ಲ ಅನ್ನುವುದೂ ನಿಜವೇ. ಟೆನಿಯಲ್ ಗಮನಿಸಿದ. ಚಿತ್ರಗಳ ಅಚ್ಚು ಒಂದಿಷ್ಟೂ ಹಿಡಿಸಿಲ್ಲ ಎಂಬ ಅವನ ಕಾಗದವನ್ನು ಡಾಡ್ಸನ್ 1865ರ ಜುಲೈ 20ರಂದು ಪ್ರಕಾಶಕ ಮ್ಯಾಕ್‌ಮಿಲನ್‌ಗೆ ತೋರಿಸಿದ. ಆಗಸ್ಟ್ 2ಕ್ಕೆ ಮರುಮುದ್ರಣ ಖಾಯಂ ಆಯಿತು. ಅಷ್ಟರಲ್ಲಿ ಐವತ್ತರ ಆಸುಪಾಸು ಪ್ರತಿ ಬೈಂಡ್ ಆಗಿ, ಕೆಲವು ಸ್ನೇಹಿತರ ಕೈ ಸೇರಿದ್ದವು. ಬಿಳಿ ಚರ್ಮಪತ್ರದ ರಟ್ಟಿನ ವಿಶೇಷ ಪ್ರತಿ ದೋಣಿ ವಿಹಾರದ ಮೂರನೇ ವಾರ್ಷಿಕ ದಿನವಾದ ಜುಲೈ 4ಕ್ಕೆ ಸರಿಯಾಗಿ, ಅಂದು ದೋಣಿಯಲ್ಲಿ ಕಥೆ ಕೇಳಿದ್ದ ಹುಡುಗಿ ಆಲಿಸ್ ಲಿಡೆಲ್‌ಗೆ ಮುಟ್ಟಿತ್ತು. ಕೊಟ್ಟ ಪ್ರತಿಗಳನ್ನು ದಯವಿಟ್ಟು ಹಿಂದಿರುಗಿಸಿ ಅಂತ ಡಾಡ್ಸನ್ ಕಾಗದ ಬರೆದ. ಬಂದವು ಆಸ್ಪತ್ರೆಗಳಿಗೆ ದಾನವಾದವು. 1865 ಅಂತ ಇಸವಿ ಇರುವ ಪ್ರತಿ ಇವತ್ತು ಜಗತ್ತಿನಲ್ಲಿ 25ಕ್ಕಿಂತ ಕಡಿಮೆ.

ಬೈಂಡ್ ಆಗದೆ ಉಳಿದ 1952 ಕಟ್ಟು ಹಾಳೆಗಳನ್ನು 1866ರಲ್ಲಿ ನ್ಯೂಯಾರ್ಕಿನ ಆಪಲ್‌ಟನ್ ಸಂಸ್ಥೆ ಕೊಂಡಿತು. ಮುಖಪುಟದ ಒಳಹಾಳೆ ಕತ್ತರಿಸಿ, ಆಪಲ್‌ಟನ್ ಹೆಸರಿನ ಹೊಸ ಹಾಳೆ ಅಂಟಿಸಿ ಮಾರಿದರು. ಮೊದಲ ಸಾವಿರಕ್ಕೆ ಆ ಹಾಳೆ ಆಕ್ಸ್‌ಫರ್ಡ್‌ನಲ್ಲೇ ಅಚ್ಚಾಯಿತು, ಮಿಕ್ಕ 952ಕ್ಕೆ ಅಮೆರಿಕದಲ್ಲಿ. ಅಂದರೆ 1866ರ ಆಪಲ್‌ಟನ್ ಪ್ರತಿಯ ಒಳಗಿರುವುದು ಟೆನಿಯಲ್ ಬೇಡ ಅಂದ ಹಾಳೆಗಳೇ. 1866ರ ಲಂಡನ್ ಪ್ರತಿ ಮಾತ್ರ ರಿಚರ್ಡ್ ಕ್ಲೇ ಮುದ್ರಣಾಲಯದಲ್ಲಿ ಹೊಸದಾಗಿ ಮೊಳೆ ಜೋಡಿಸಿ ತೆಗೆದದ್ದು. ಇಸವಿ 1866 ಅಂತಿದ್ದರೂ ಅದು 1865ರ ನವೆಂಬರ್‌ಗೇ ಹೊರಬಂತು, ಕ್ರಿಸ್‌ಮಸ್ ಮಾರುಕಟ್ಟೆ ನೋಡಿಕೊಂಡು. ಲೇಖನದಲ್ಲಿ ‘1865ರಲ್ಲಿ ಪ್ರಕಟ’ ಅಂತ ಬರೆದರೆ ತಪ್ಪಿಲ್ಲ, ‘1866ರ ಎರಡನೇ ಮುದ್ರಣ’ ಅಂತ ಬರೆದರೆ ಯಾವುದು ಅನ್ನುವುದನ್ನು ಬಿಡಿಸಿ ಹೇಳಿ.

ಜಮಾಖರ್ಚು:

ಹಣದ ಪ್ರಶ್ನೆಗೆ ಉತ್ತರ ಡೈರಿಯಲ್ಲೇ ಇದೆ, ಅದೇ ಆಗಸ್ಟ್ 2ರ ದಿನಚರಿಯಲ್ಲಿ. ಚಿತ್ರ 138, ಕೆತ್ತನೆ 142, ಕ್ಲೇಯ ಮುದ್ರಣ 240, ಬೈಂಡಿಂಗ್ ಮತ್ತು ಜಾಹೀರಾತು ಸುಮಾರು 80. ಒಟ್ಟು 600 ಪೌಂಡ್. ಪೌಂಡಿಗೆ 20 ಶಿಲಿಂಗ್, ಆದ್ದರಿಂದ 2000 ಪ್ರತಿಗೆ ಭಾಗಿಸಿದರೆ ಪ್ರತಿಯೊಂದಕ್ಕೆ 6 ಶಿಲಿಂಗ್ ಅಸಲು. ಅಂಗಡಿಯ ಬೆಲೆ 7 ಶಿಲಿಂಗ್ 6 ಪೆನ್ಸ್. ಆದರೆ ಅಂಗಡಿಯವನ ರಿಯಾಯಿತಿ, ಮ್ಯಾಕ್‌ಮಿಲನ್‌ನ ಕಮಿಷನ್ ಕಳೆದು ಲೇಖಕನ ಕೈಗೆ ಬರುವುದು 500 ಪೌಂಡ್ ಅಂತ ಅವನ ಅಂದಾಜು, ಅಂದರೆ ಪ್ರತಿಗೆ 5 ಶಿಲಿಂಗ್. ಎಲ್ಲ ಪ್ರತಿ ಮಾರಾಟವಾದರೂ 100 ಪೌಂಡ್ ನಷ್ಟ! ಆಕ್ಸ್‌ಫರ್ಡ್‌ನ ಕೆಟ್ಟ ಮುದ್ರಣದ್ದು ಇನ್ನೂ 100. ಒಟ್ಟು 200 ಪೌಂಡ್ ಕೈಬಿಡುತ್ತದೆ. ಇನ್ನೊಂದು 2000 ಮಾರಿದರೆ ಚಿತ್ರದ ಖರ್ಚಿಲ್ಲದ್ದರಿಂದ 300ಕ್ಕೆ ಮುಗಿಯುತ್ತದೆ, 500 ಬರುತ್ತದೆ, ಲೆಕ್ಕ ಚುಕ್ತಾ. ಅದಕ್ಕಿಂತ ಹೆಚ್ಚು ಹೋದರೆ ಲಾಭ, ಆದರೆ ಅಷ್ಟು ಆಸೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಬರೆದುಕೊಂಡಿದ್ದಾನೆ. ಮಕ್ಕಳ ಲೇಖನಕ್ಕೆ ಈ ಲೆಕ್ಕವನ್ನೇ ಹಾಕಿ, ಐದನೇ ತರಗತಿಯ ಮಗುವೂ ಮಾಡಬಲ್ಲ ಭಾಗಾಕಾರ.

ಅಂದರೆ ಮುದ್ರಣದ ಪೂರಾ ಖರ್ಚು ಲೇಖಕನದು. ಮ್ಯಾಕ್‌ಮಿಲನ್ 10 ಪ್ರತಿಶತ ಕಮಿಷನ್ ಮೇಲೆ ಮಾರಿಕೊಡುತ್ತಿತ್ತು. ಜೀವನಪೂರ್ತಿ ಈ ಒಪ್ಪಂದವೇ. ಹಣ ಅವನದಾದ್ದರಿಂದಲೇ ಕಾಗದ, ರಟ್ಟಿನ ಬಣ್ಣ, ಚಿತ್ರದ ಜಾಗ ಎಲ್ಲದರಲ್ಲೂ ಅವನ ಮಾತು ನಡೆಯಿತು. ರಟ್ಟು ಹೊಳೆಯುವ ಕೆಂಪು ಬಣ್ಣದ್ದಾಗಿರಲಿ, ಕಲೆಯ ದೃಷ್ಟಿಯಿಂದ ಅದು ಉತ್ತಮವಲ್ಲ, ಆದರೆ ಮಕ್ಕಳ ಕಣ್ಣಿಗೆ ಹಿಡಿಸುತ್ತದೆ ಅಂತ ಪ್ರಕಾಶಕರಿಗೆ ಬರೆದವನೂ ಅವನೇ.

ಮೇಲಿನ ಉತ್ತರ ಓದಿದರೆ ಟೆನಿಯಲ್ ಒಬ್ಬನೇ ಹಟಮಾರಿ ಅನ್ನಿಸೀತು. ಅದು ಅರ್ಧ ಸತ್ಯ. ಟೆನಿಯಲ್‌ನ ಕೈವಾಡವೇ ಇಲ್ಲದ ಕಡೆಯೂ ಡಾಡ್ಸನ್ ಇದನ್ನೇ ಮಾಡಿದ. ತೀರಾ ಚಿಕ್ಕ ಮಕ್ಕಳಿಗೆಂದು ತಂದ ಬಣ್ಣದ ‘ನರ್ಸರಿ ಆಲಿಸ್’ 1889ರಲ್ಲಿ 10,000 ಪ್ರತಿ ಅಚ್ಚಾಗಿತ್ತು. ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಇಂಗ್ಲೆಂಡಿನಲ್ಲಿ ಒಂದೂ ಮಾರಕೂಡದು ಅಂತ ತಡೆದ. ಅಮೆರಿಕಕ್ಕೆ ತೋರಿಸಿದರೆ ಅಲ್ಲಿಯವರಿಗೆ ಬಣ್ಣ ಸಾಲದಾಯಿತಂತೆ! 1893ರಲ್ಲಿ ಎರಡನೇ ಆಲಿಸ್ ಪುಸ್ತಕದ ‘ಅರವತ್ತನೇ ಸಾವಿರ’ದ ಮುದ್ರಣದಲ್ಲಿ ಚಿತ್ರ ಕೆಟ್ಟಿವೆ ಅಂತ ಮಾರಾಟ ನಿಲ್ಲಿಸಿ, ಕೊಂಡವರು ವಾಪಸ್ ಕೊಟ್ಟರೆ ಬೇರೆ ಪ್ರತಿ ಕೊಡುವುದಾಗಿ ಪ್ರಕಟಣೆ ಹೊರಡಿಸಿದ. ವಾಪಸ್ ಬಂದವು ಹಳ್ಳಿಯ ವಾಚನಾಲಯಗಳಿಗೂ ಕಾರ್ಮಿಕರ ಸಂಘಗಳಿಗೂ ಅಂತ ಗೊತ್ತುಮಾಡಿದ. ಇದರಲ್ಲಿ ಒಂದು ಹುಳುಕಿದೆ: ಮಧ್ಯಮವರ್ಗದ ಮಗುವಿಗೆ ಸಲ್ಲದ ಚಿತ್ರ ಬಡವರ ಮಗುವಿಗೆ ಸಲ್ಲುತ್ತದೆ ಅನ್ನುವ ಧೋರಣೆ. ಲೇಖನದಲ್ಲಿ ಇದನ್ನು ಬರೀ ಔದಾರ್ಯ ಅಂತ ಬಣ್ಣಿಸಬೇಡಿ.

ಹಾಗಂತ ಟೆನಿಯಲ್ ಬರೀ ಗೊಣಗಿದವನೂ ಅಲ್ಲ. 1870ರ ಜೂನ್ 1ರ ಅವನ ಕಾಗದದಲ್ಲಿ ಕಣಜದ ಹುಳುವಿನ ಪ್ರಸಂಗ ಸಪ್ಪೆಯಾಗಿದೆ, ಚಿತ್ರಕ್ಕೆ ದಾರಿ ಕಾಣುತ್ತಿಲ್ಲ ಅಂದ. ವಿಗ್ ತೊಟ್ಟ ಕಣಜ ಎರಡನೇ ಪುಸ್ತಕದಿಂದ ಹೊರಬಿತ್ತು. ಅದರ ಗ್ಯಾಲಿ ಪ್ರೂಫ್ (ತಿದ್ದುಪಡಿಗೆಂದು ತೆಗೆದ ಕರಡು ಅಚ್ಚು) 1974ರಲ್ಲಿ ಹರಾಜಿಗೆ ಬಂದಾಗಲೇ ಜನಕ್ಕೆ ಆ ಭಾಗ ಓದಲು ಸಿಗುವ ದಾರಿಯಾದದ್ದು. ಅದೇ ಪುಸ್ತಕದಲ್ಲಿ ಆಲಿಸ್ ಕನ್ನಡಿಯೊಳಗೆ ಹೋಗುವ ಚಿತ್ರ ಹಾಳೆಯ ಒಂದು ಮೈಗೆ, ಆಚೆ ಹೊರಬರುವ ಚಿತ್ರ ಸರಿಯಾಗಿ ಅದರ ಬೆನ್ನಿಗೆ. ಹಾಳೆಯೇ ಕನ್ನಡಿ. ಇವತ್ತಿನ ಅಗ್ಗದ ಆವೃತ್ತಿಗಳಲ್ಲಿ ಎರಡೂ ಎದುರುಬದುರು ಪುಟದಲ್ಲಿ ಬಂದು ಆ ಆಟವೇ ಹಾಳಾಗಿರುತ್ತದೆ.

ಹಾಳೆಹುಳು:

ಇಬ್ಬರಿಗೂ ವಂದನೆ. ಲೆಕ್ಕ ಖಂಡಿತ ಹಾಕುತ್ತೇನೆ. ಫೋಟೋ ವಿಷಯ ಯಾರಾದರೂ ಹೇಳಿ. ಅವನ ಚಿತ್ರಗಳಲ್ಲಿ ಮಕ್ಕಳು ನಗುವುದೇ ಇಲ್ಲ, ಕೆಲವರ ಕಣ್ಣು ಬೆಳ್ಳಗೆ ಗಾಜಿನಂತೆ ಕಾಣುತ್ತದೆ. ಇದು ಅವನ ಶೈಲಿಯೋ ಯಂತ್ರದ ಮಿತಿಯೋ?

ಬೆಳ್ಳಿಉಪ್ಪು:

ಹೆಚ್ಚಿನದು ರಾಸಾಯನಿಕದ ಮಿತಿ. ಡಾಡ್ಸನ್ 1856ರ ಮಾರ್ಚ್ 18ರಂದು ಲಂಡನ್ನಿನ ಆಟೆವಿಲ್ ಅಂಗಡಿಯಲ್ಲಿ 15 ಪೌಂಡ್ ಕೊಟ್ಟು ಕ್ಯಾಮೆರಾ ಖರೀದಿಸಿದ. ಮರದ, ಮಡಚುವ ಪೆಟ್ಟಿಗೆ. ಜತೆಗಿದ್ದವನು ಗೆಳೆಯ ರೆಜಿನಾಲ್ಡ್ ಸೌದಿ. ಅದರಲ್ಲಿ ಬಳಸುತ್ತಿದ್ದದ್ದು ಆರ್ದ್ರ ಕೊಲೋಡಿಯನ್ ವಿಧಾನ. ಒಂದು ಫೋಟೋ ಅಂದರೆ ಇಷ್ಟು ಕೆಲಸ:

ಗಾಜಿನ ಹಲಗೆಯ ಅಂಚನ್ನು ಮೊದಲು ಉಜ್ಜಿ ಮೊಂಡು ಮಾಡಬೇಕು, ಇಲ್ಲದಿದ್ದರೆ ಕೈಯೂ ಕೊಯ್ಯುತ್ತದೆ, ಪೊರೆಯೂ ಅಂಚಿನಿಂದ ಸುಲಿದು ಬರುತ್ತದೆ. ಆಮೇಲೆ ಸಣ್ಣ ಪುಡಿಗಲ್ಲು ಮತ್ತು ಆಲ್ಕೋಹಾಲ್ ಹಾಕಿ ಉಜ್ಜುವುದು. ಬೆರಳಿನ ಒಂದು ಜಿಡ್ಡು ಉಳಿದರೂ ಮುಖದ ಮೇಲೆ ಕಲೆ ಮೂಡುತ್ತದೆ. ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಸ್ಫೋಟಕ ಹತ್ತಿ ಕರಗಿಸಿ, ಅಯೋಡೈಡ್ ಲವಣ ಸೇರಿಸಿದ ದ್ರವವೇ ಕೊಲೋಡಿಯನ್. ದೊಡ್ಡ 10×8 ಅಂಗುಲದ ಗಾಜಿನ ನಡುವೆ ಒಂದು ಸಣ್ಣ ಮಡುವಿನಷ್ಟು ಸುರಿದು, ಗಾಜನ್ನು ಓರೆ ಮಾಡುತ್ತ ಒಂದು ಮೂಲೆ, ಎರಡನೇ ಮೂಲೆ, ಮೂರನೆಯದು ಅಂತ ಹರಿಸಿ, ನಾಲ್ಕನೇ ಮೂಲೆಯಿಂದ ಹೆಚ್ಚಿನದನ್ನು ಬಾಟಲಿಗೇ ಬಸಿಯಬೇಕು. ಬಸಿಯುವಾಗ ಗಾಜನ್ನು ಅತ್ತಿತ್ತ ಅಲುಗಿಸದಿದ್ದರೆ ಪೊರೆಯಲ್ಲಿ ಗೆರೆಗೆರೆ ಸುಕ್ಕು ನಿಲ್ಲುತ್ತದೆ. ಹೋಟೆಲ್‌ನಲ್ಲಿ ದೋಸೆ ಹುಯ್ಯುವವನ ಕೈಚಳಕ ಇಲ್ಲಿ ಬೇಕು, ಒಂದೇ ಸಲ, ತಡವರಿಸದೆ.

ಪೊರೆ ಬೆರಳಿಗೆ ಅಂಟುವಷ್ಟು ಗಟ್ಟಿಯಾದಾಗ, ಪೂರಾ ಒಣಗುವ ಮುಂಚೆ, ಕತ್ತಲ ಕೋಣೆಯಲ್ಲಿ ಸಿಲ್ವರ್ ನೈಟ್ರೇಟ್ ತೊಟ್ಟಿಗೆ. ಔನ್ಸ್ ನೀರಿಗೆ ಸುಮಾರು 30 ಗ್ರೇನ್, ಅಂದರೆ ನೂರಕ್ಕೆ ಏಳರಷ್ಟು. ಬೇಗ ಮುಳುಗಿಸಿದರೆ ಪೊರೆ ಕಿತ್ತು ಬರುತ್ತದೆ, ತಡವಾದರೆ ಬೆಳ್ಳಿ ಹಿಡಿಯುವುದಿಲ್ಲ. ಇಳಿಸುವಾಗ ನಡುವೆ ನಿಲ್ಲಿಸಿದರೆ ಅಡ್ಡಗೆರೆ ಬೀಳುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಪೊರೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ತೊಟ್ಟಿಕ್ಕುತ್ತಿರುವಾಗಲೇ ಬೆಳಕು ಹೋಗದ ಚೌಕಟ್ಟಿಗೆ ಹಾಕಿ ಕ್ಯಾಮೆರಾದ ಹತ್ತಿರ ಓಡಬೇಕು. ಸುರಿದ ಕ್ಷಣದಿಂದ ಡೆವಲಪ್ ಮಾಡುವವರೆಗೆ ಹತ್ತು ಹದಿನೈದು ನಿಮಿಷ, ಅಷ್ಟೇ. ಪೊರೆ ಒಣಗಿದರೆ ಬೆಳ್ಳಿಯ ಲವಣ ಹರಳುಗಟ್ಟಿ ತೂತುತೂತಾಗುತ್ತದೆ, ಡೆವಲಪರ್ ಒಳಗಿಳಿಯುವುದಿಲ್ಲ.

ಮಗು ಅಲ್ಲಾಡದೆ ಕೂರಬೇಕಾದದ್ದು ಬೆಳಕು ನೋಡಿಕೊಂಡು ಕೆಲವು ಸೆಕೆಂಡುಗಳಿಂದ ಮುಕ್ಕಾಲು ನಿಮಿಷದವರೆಗೆ. ಅಷ್ಟು ಹೊತ್ತು ನಗು ಹಿಡಿದಿಟ್ಟರೆ ಅದು ನಗುವಾಗಿ ಉಳಿಯುವುದಿಲ್ಲ. ಅದಕ್ಕೇ ಅವನ ಚಿತ್ರಗಳಲ್ಲಿ ಮಕ್ಕಳು ಒರಗಿರುತ್ತಾರೆ, ಮಲಗಿರುತ್ತಾರೆ, ಗೋಡೆಯ ಮೂಲೆಗೆ ತಲೆ ಆನಿಸಿರುತ್ತಾರೆ. ಕಣ್ಣಿನ ವಿಷಯ: ಕೊಲೋಡಿಯನ್‌ಗೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ಕಾಣುತ್ತದೆ, ಕೆಂಪು ಹಳದಿ ಹೆಚ್ಚುಕಡಿಮೆ ಕಾಣುವುದಿಲ್ಲ. ನೀಲಿ ಕಣ್ಣು ಬೆಳ್ಳಗಾಗುತ್ತದೆ, ನೀಲಿ ಆಕಾಶ ಖಾಲಿ ಕಾಗದವಾಗುತ್ತದೆ, ಹೊಂಬಣ್ಣದ ಕೂದಲು ಕಪ್ಪಾಗುತ್ತದೆ, ಬಿಸಿಲಿನ ಚುಕ್ಕೆ ಇರುವ ಕೆನ್ನೆ ಮಸಿ ಸಿಡಿದಂತಾಗುತ್ತದೆ.

ವಾಪಸ್ ಕತ್ತಲಿಗೆ ಬಂದು ಪೈರೊಗ್ಯಾಲಿಕ್ ಆಮ್ಲವನ್ನೋ ಫೆರಸ್ ಸಲ್ಫೇಟನ್ನೋ ಅಸಿಟಿಕ್ ಆಮ್ಲ, ಚೂರು ಆಲ್ಕೋಹಾಲ್ ಸೇರಿಸಿ ಒಂದೇ ಅಲೆಯಲ್ಲಿ ಹರಿಸುವುದು. ಆಲ್ಕೋಹಾಲ್ ಯಾಕೆ ಅಂದರೆ, ಪ್ಲೇಟುಗಳು ಹೋಗಿಬಂದು ಬೆಳ್ಳಿ ತೊಟ್ಟಿಯಲ್ಲಿ ಈಥರ್, ಆಲ್ಕೋಹಾಲ್ ಸೇರಿಕೊಂಡಿರುತ್ತದೆ; ಬರೀ ನೀರಿನ ಡೆವಲಪರ್ ಆ ಮೇಲ್ಮೈಗೆ ಹೊಂದದೆ ಎಣ್ಣೆಯಂತೆ ಹನಿಗಟ್ಟಿ ಪಟ್ಟೆ ಬೀಳಿಸುತ್ತದೆ. ಬಿಂಬ ಬಂದ ಕೂಡಲೇ ನೀರು, ಆಮೇಲೆ ಬಿಂಬವನ್ನು ಖಾಯಂ ಮಾಡಲು ಹೈಪೋ ಅಥವಾ ಪೊಟ್ಯಾಸಿಯಂ ಸಯನೈಡ್, ಮತ್ತೆ ನೀರು, ದೀಪದ ಶಾಖಕ್ಕೆ ಹಿಡಿದು ವಾರ್ನಿಷ್. ಇದು ನೆಗೆಟಿವ್ ಮಾತ್ರ. ಪ್ರಿಂಟಿಗೆ ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದ, ಬೆಳ್ಳಿ, ಬಿಸಿಲು, ಚಿನ್ನದ ಕ್ಲೋರೈಡ್, ಮತ್ತೆ ಹೈಪೋ. ಸಿಲ್ವರ್ ನೈಟ್ರೇಟ್ ತಾಗಿದ ಬೆರಳು ಕಪ್ಪಾಗಿ ದಿನಗಟ್ಟಲೆ ಹೋಗುವುದಿಲ್ಲ.

ಇಷ್ಟನ್ನು 24 ವರ್ಷದಲ್ಲಿ ಸುಮಾರು 3000 ಸಲ ಮಾಡಿದ ಅಂತ ಅಂದಾಜು. ಟೆನಿಸನ್, ರೊಸೆಟ್ಟಿ ಕುಟುಂಬ, ನಟಿ ಎಲೆನ್ ಟೆರ್ರಿ ಎಲ್ಲ ಅವನ ಮುಂದೆ ಕೂತವರೇ. ಹವ್ಯಾಸ ಅನ್ನುವುದು ಸಂಬಳ ಇರಲಿಲ್ಲ ಅನ್ನುವ ಅರ್ಥದಲ್ಲಷ್ಟೇ ಸರಿ. ಕಾಲೇಜಿನ ತನ್ನ ಕೋಣೆಗಳ ಮೇಲೆ ಗಾಜಿನ ಸ್ಟುಡಿಯೊ ಕಟ್ಟಿಸಿಕೊಂಡು 1872ರಿಂದ ಅಲ್ಲೇ ಕೆಲಸ ಮಾಡಿದ.

1880ರ ಜುಲೈ ನಂತರ ನಿಂತದ್ದಕ್ಕೆ ಒಂದೇ ಕಾರಣ ತೋರಿಸುವವರನ್ನು ನಂಬಬೇಡಿ. ಆ ಹೊತ್ತಿಗೆ ಅಂಗಡಿಯಲ್ಲಿ ಸಿಗುವ ಒಣ ಪ್ಲೇಟು ಬಂದಿತ್ತು, ಯಾರು ಬೇಕಾದರೂ ಫೋಟೋ ತೆಗೆಯಬಹುದಾಗಿತ್ತು, ಕಲೆಯ ದೃಷ್ಟಿಯಿಂದ ಅದು ಕೀಳು ಅಂತ ಅವನ ಅಭಿಪ್ರಾಯ. ಮರುವರ್ಷ, 1881ರಲ್ಲಿ, ಬರವಣಿಗೆಗೆ ಸಮಯ ಬೇಕೆಂದು ಉಪನ್ಯಾಸಕ ಹುದ್ದೆಯನ್ನೂ ಬಿಟ್ಟ. ಮಕ್ಕಳ ಜತೆಗಿನ ಅವನ ಒಡನಾಟ, ತೆಗೆದ ಕೆಲವು ಚಿತ್ರಗಳು ಆಗಲೂ ಮಾತಿಗೆ ಎಡೆಯಾಗಿದ್ದವು, ಇಂದಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದೊಡ್ಡವರ ಟಿಪ್ಪಣಿಯಲ್ಲಿ ಇದನ್ನು ಮುಚ್ಚಿಡಬೇಡಿ, ತೀರ್ಪನ್ನೂ ಕೊಡಬೇಡಿ.

ಕಡತಕೋಣೆ:

ಡೈರಿ ಬಗ್ಗೆ. ಒಟ್ಟು 13 ಸಂಪುಟ ಇದ್ದವು, ಉಳಿದಿರುವುದು 9. ಸೋದರಳಿಯ ಸ್ಟುವರ್ಟ್ ಡಾಡ್ಸನ್ ಕಾಲಿಂಗ್‌ವುಡ್ 1898ರಲ್ಲಿ ಬರೆದ ಜೀವನಚರಿತ್ರೆಗೆ ಎಲ್ಲವೂ ಕೈಗೆ ಸಿಕ್ಕಿದ್ದವು; ನಾಲ್ಕು ಕಾಣೆಯಾದದ್ದು ಆಮೇಲೆ, ಕುಟುಂಬದ ವಶದಲ್ಲಿದ್ದಾಗ. ದೊಡ್ಡ ಕಂದಕ 1858ರ ಏಪ್ರಿಲ್‌ನಿಂದ 1862ರ ಮೇವರೆಗೆ. ಅಂದರೆ ದೋಣಿ ವಿಹಾರಕ್ಕೆ ಮುಂಚಿನ ನಾಲ್ಕು ವರ್ಷದ ಬಗ್ಗೆ ಕಾಲಿಂಗ್‌ವುಡ್‌ನ ಪುಸ್ತಕದ ಆಧಾರವಿಲ್ಲದೆ ‘ಡೈರಿಯಲ್ಲಿ ಹೀಗಿದೆ’ ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ.

ಹಾಳೆ ಕತ್ತರಿಸಿರುವುದು ಬೇರೆ ವಿಷಯ. ಜನ ಮಾತಾಡುವುದು 1863ರ ಜೂನ್ 27ರಿಂದ 29ರ ಹಾಳೆ ಬಗ್ಗೆ, ಲಿಡೆಲ್ ಮನೆಯ ಜತೆಗಿನ ಹೋಗುಬರವು ಹಠಾತ್ತನೆ ನಿಂತ ಹೊತ್ತು. ಆಲಿಸ್‌ಗೆ ಮದುವೆ ಪ್ರಸ್ತಾಪ ಇಟ್ಟಿದ್ದ ಎಂಬ ಊಹೆ ಬಹುಕಾಲ ಓಡಾಡಿತು. 1996ರಲ್ಲಿ ಕ್ಯಾರೊಲಿನ್ ಲೀಚ್ ಎಂಬ ಸಂಶೋಧಕಿ ಗಿಲ್ಡ್‌ಫರ್ಡ್‌ನ ಕುಟುಂಬದ ಕಾಗದಪತ್ರಗಳಲ್ಲಿ ಒಂದು ಚೀಟಿ ಕಂಡರು. ಕತ್ತರಿಸಿದ ಹಾಳೆಗಳಲ್ಲಿ ಏನಿತ್ತು ಎಂಬ ಸಾರಾಂಶ ಅದು, ಬರೆದದ್ದು ಕುಟುಂಬದವರ ಕೈ. ಮಕ್ಕಳನ್ನು ನೆಪ ಮಾಡಿಕೊಂಡು ಮನೆಯ ಶಿಕ್ಷಕಿಯ ಬೆನ್ನು ಬಿದ್ದಿದ್ದಾನೆ ಅಂತ ಜನ ಆಡಿಕೊಳ್ಳುತ್ತಿರುವುದನ್ನು ಮಿಸೆಸ್ ಲಿಡೆಲ್ ತಿಳಿಸಿದರು, ‘ಐನಾ’ ಮೇಲೆ ಕಣ್ಣು ಅಂತಲೂ ಕೆಲವರ ಮಾತು, ಎಂಬುದು ಅದರ ಹುರುಳು. ಐನಾ ಅಂದರೆ ಹಿರಿಯ ಮಗಳು ಲೊರೀನಾ ಇರಬೇಕು. ತಾಯಿಯ ಹೆಸರೂ ಲೊರೀನಾ ಆದ್ದರಿಂದ ಅದರ ಮೇಲೂ ವಾದ ಇದೆ. ಹಾಗಾಗಿ ನಿಮ್ಮ ವಾಕ್ಯ ಹೀಗಿರಲಿ: ಹಾಳೆ ಕತ್ತರಿಸಿದ್ದು ಅವನ ಸಾವಿನ ನಂತರ ಕುಟುಂಬದವರು ಎಂಬುದು ಬಹುತೇಕರ ನಂಬಿಕೆ; ಚೀಟಿಯಲ್ಲಿ ಆಲಿಸ್ ಹೆಸರಿಲ್ಲ.

ಕಥೆಯಿಂದ ಪುಸ್ತಕದವರೆಗಿನ ದಿನಾಂಕವನ್ನೂ ನೇರ ಮಾಡಿಕೊಳ್ಳಿ. ದೋಣಿಯಲ್ಲಿದ್ದವರು ಐದು ಜನ: ಡಾಡ್ಸನ್, ರಾಬಿನ್ಸನ್ ಡಕ್‌ವರ್ತ್, ಲೊರೀನಾ, ಆಲಿಸ್, ಈಡಿತ್. ಫಾಲಿ ಬ್ರಿಜ್‌ನಿಂದ ಗಾಡ್‌ಸ್ಟೋವರೆಗೆ. ಕೈಬರಹದ ಪಠ್ಯ 1863ರ ಫೆಬ್ರವರಿಗೆ ಮುಗಿಯಿತು, ಅವನೇ ಬಿಡಿಸಿದ 37 ಚಿತ್ರ ಮುಗಿಯಲು 1864ರ ಸೆಪ್ಟೆಂಬರ್ ಆಯಿತು, ಆಲಿಸ್ ಕೈಗೆ ಹೋದದ್ದು ಅದೇ ವರ್ಷ ನವೆಂಬರ್ 26. 90 ಪುಟ. ಅದರಲ್ಲಿ ಚೆಷೈರ್ ಬೆಕ್ಕೂ ಇಲ್ಲ, ಹುಚ್ಚರ ಚಹಾಕೂಟವೂ ಇಲ್ಲ. ಅವು ಅಚ್ಚಿಗೆ ಬೆಳೆಸುವಾಗ ಸೇರಿದವು. ದೋಣಿಯಲ್ಲೇ ಟೋಪಿವಾಲನ ಕಥೆ ಹೇಳಿದ ಅಂತ ಬರೆಯಬೇಡಿ. ಆ ಹಸ್ತಪ್ರತಿಯನ್ನು ಆಲಿಸ್ 1928ರಲ್ಲಿ ಮಾರಿದರು, ಹರಾಜಿನಲ್ಲಿ 15,400 ಪೌಂಡ್ ಬಂತು. 1948ರಲ್ಲಿ ಅಮೆರಿಕನ್ನರ ಗುಂಪೊಂದು ಅದನ್ನು ಬ್ರಿಟನ್ನಿಗೆ ಮರಳಿ ಕೊಡುಗೆಯಾಗಿ ಕೊಟ್ಟಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ರಾಣಿಯ ಕಥೆ ಬೇಡ. ಆಲಿಸ್ ಮೆಚ್ಚಿದ ರಾಣಿ ಮುಂದಿನ ಪುಸ್ತಕ ಕೇಳಿದಾಗ ಗಣಿತದ ಗ್ರಂಥ ಕಳಿಸಿದ ಎಂಬುದನ್ನು ಸ್ವತಃ ಡಾಡ್ಸನ್ 1896ರ ತರ್ಕಶಾಸ್ತ್ರದ ಪುಸ್ತಕದಲ್ಲಿ, ಅಂಥದ್ದು ನಡೆದೇ ಇಲ್ಲ, ಪೂರ್ತಿ ಸುಳ್ಳು ಅಂತ ಅಚ್ಚು ಹಾಕಿಸಿದ್ದಾನೆ.

ಅದರ ಬದಲು ಮಕ್ಕಳಿಗೆ ನಿಕ್ಟೋಗ್ರಾಫ್ ಹೇಳಿಕೊಡಿ. 1891ರ ಸೆಪ್ಟೆಂಬರ್‌ನದು. ರಾತ್ರಿ ಹೊಳೆದದ್ದನ್ನು ದೀಪ ಹಚ್ಚದೆ ಹಾಸಿಗೆಯಲ್ಲೇ ಬರೆದುಕೊಳ್ಳುವ ಸಾಧನ. ಗಟ್ಟಿ ರಟ್ಟಿನಲ್ಲಿ ಕಾಲು ಅಂಗುಲದ ಚೌಕ ತೂತುಗಳು, ಸಾಲಿಗೆ 8ರಂತೆ 2 ಸಾಲು, ಒಟ್ಟು 16. ಒಂದು ತೂತಿಗೆ ಒಂದು ಅಕ್ಷರ. ಮಾಮೂಲಿ ಅಕ್ಷರ ಬರೆದರೆ ಕತ್ತಲಲ್ಲಿ ಬಾಗುಗೆರೆ ಕೆಟ್ಟು ಓದಲು ಬರುವುದಿಲ್ಲ, ಅದಕ್ಕೆ ಚೌಕದ ಅಂಚಿಗೆ ಗೆರೆ, ಮೂಲೆಗೆ ಚುಕ್ಕೆ ಮಾತ್ರ ಬಳಸುವ ಬೇರೆ ಅಕ್ಷರಮಾಲೆ ಕಟ್ಟಿದ. ಪ್ರತಿ ಅಕ್ಷರಕ್ಕೂ ಎಡ ಮೇಲ್ಮೂಲೆಯಲ್ಲಿ ಒಂದು ದೊಡ್ಡ ಚುಕ್ಕೆ ಖಾಯಂ. ಬೆಳಿಗ್ಗೆ ನೋಡುವಾಗ ಚೌಕ ಎಲ್ಲಿ ಶುರುವಾಯಿತು ಅಂತ ತಿಳಿಯುವುದು ಅದರಿಂದಲೇ. ರಟ್ಟು, ಬ್ಲೇಡು ಇದ್ದರೆ ತರಗತಿಯಲ್ಲಿ ಮಾಡಿಸಬಹುದು. ಕನ್ನಡಕ್ಕೆ ಹೊಂದಿಸುವುದಾದರೆ ಕಾಗುಣಿತಕ್ಕೆ ಪಕ್ಕದ ಇನ್ನೊಂದು ತೂತು ಬಿಡಬೇಕಾಗುತ್ತದೆ, ವ್ಯಂಜನಕ್ಕೆ ಒಂದು, ಸ್ವರಕ್ಕೆ ಒಂದು.

ಹಾಳೆಹುಳು:

ಒಂದೇ ಪ್ರಶ್ನೆ ಉಳಿಯಿತು. ಲೇಖನದಲ್ಲಿ ಕ್ಯಾರಲ್ ಅನ್ನಬೇಕೋ ಡಾಡ್ಸನ್ ಅನ್ನಬೇಕೋ?

ಕಡತಕೋಣೆ:

ಪುಸ್ತಕದ ಮಾತು ಬಂದಾಗ ಕ್ಯಾರಲ್, ಕಾಲೇಜು, ಗಣಿತ, ಕುಟುಂಬ, ಕ್ಯಾಮೆರಾ ಬಂದಾಗ ಡಾಡ್ಸನ್. ಆ ಹೆಸರು 1856ರಲ್ಲಿ ಪತ್ರಿಕೆಯ ಸಂಪಾದಕ ಎಡ್ಮಂಡ್ ಯೇಟ್ಸ್‌ಗೆ ಕಳಿಸಿದ ನಾಲ್ಕು ಹೆಸರುಗಳಲ್ಲಿ ಸಂಪಾದಕ ಆರಿಸಿದ್ದು. ಚಾರ್ಲ್ಸ್, ಲಟ್ವಿಜ್ ಎರಡನ್ನೂ ಲ್ಯಾಟಿನ್‌ಗೆ ತಿರುಗಿಸಿ, ಅದಲುಬದಲು ಮಾಡಿ ಮತ್ತೆ ಇಂಗ್ಲಿಷಿಗೆ ತಂದದ್ದು. ಎರಡು ಹೆಸರಿನ ನಡುವಿನ ಗೋಡೆಯನ್ನು ಅವನು ಬಲು ಬಿಗಿಯಾಗಿ ಕಾಯ್ದುಕೊಂಡ. 1861ರ ಜನವರಿ 1ರಿಂದ ಬಂದ, ಬರೆದ ಪ್ರತಿ ಕಾಗದಕ್ಕೂ ಸಂಖ್ಯೆ ಕೊಟ್ಟು ದಾಖಲೆ ಪುಸ್ತಕ ಇಟ್ಟಿದ್ದ. ಕೊನೆಯ ಸಂಖ್ಯೆ 98,721. ಅಷ್ಟರಲ್ಲಿ ಅಪರಿಚಿತರ ಅಭಿಮಾನಿ ಪತ್ರ ಎಷ್ಟು ಬೇಸರ ತರಿಸಿತ್ತೆಂದರೆ, 1890ರಲ್ಲಿ ಒಂದು ಅಚ್ಚು ಹಾಕಿದ ಸುತ್ತೋಲೆಯನ್ನೇ ಮಾಡಿಸಿಕೊಂಡ. ತನ್ನ ಸ್ವಂತ ಹೆಸರಿನಲ್ಲಿ ಪ್ರಕಟವಾಗದ ಯಾವುದೇ ಪುಸ್ತಕದ ಜತೆಗಾಗಲಿ, ಯಾವುದೇ ಕಾವ್ಯನಾಮದ ಜತೆಗಾಗಲಿ ಮಿಸ್ಟರ್ ಡಾಡ್ಸನ್ ಸಂಬಂಧ ಹೇಳಿಕೊಳ್ಳುವುದೂ ಇಲ್ಲ, ಒಪ್ಪಿಕೊಳ್ಳುವುದೂ ಇಲ್ಲ ಅಂತ ಅದರಲ್ಲಿತ್ತು.